ಪ್ರತಿ ವರ್ಷವೂ 9.4

ತಾಲ್ಲೂಕು ಕಾಲೇಜೊಂದರಲ್ಲಿ ತಿಪ್ಪೇಸ್ವಾಮಿ ಎಂಬ ಕೆಮಿಸ್ಟ್ರಿ ಮೇಷ್ಟ್ರು ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿದ್ದರು. ಮೊದಲ ಪ್ರಾಕ್ಟಿಕಲ್‌ಗೆ ಪ್ರತಿ ವರ್ಷವೂ ಒಂದೇ ಪ್ರಯೋಗ. ಫ್ಲಾಸ್ಕಿನಲ್ಲಿರುವ ಆಮ್ಲಕ್ಕೆ ಬ್ಯೂರೆಟ್ ಎಂಬ ಅಳತೆಗೆರೆಯ ಗಾಜಿನ ಕೊಳವೆಯಿಂದ ಕ್ಷಾರವನ್ನು ಹನಿಹನಿಯಾಗಿ ಬಿಡಬೇಕು. ತಿಳಿ ಗುಲಾಬಿ ಬಣ್ಣ ಬಂದ ಕೂಡಲೇ ನಿಲ್ಲಿಸಿ, ಎಷ್ಟು ಬಿಟ್ಟೆವೆಂದು ಬರೆಯಬೇಕು. ಉತ್ತರ 9.4 ಮಿಲಿಲೀಟರ್. ಬ್ಯೂರೆಟ್ ಮುಟ್ಟುವ ಮೊದಲೇ ಮಕ್ಕಳಿಗೆ ಅದು ಗೊತ್ತು. ಸೀನಿಯರ್‌ಗಳ ರೆಕಾರ್ಡ್ ಪುಸ್ತಕ ಇರುವುದು ಮತ್ತೇಕೆ? ಮೇಷ್ಟ್ರೂ ಕುರ್ಚಿ ಬಿಟ್ಟೇಳದೆ ಟಿಕ್ ಹಾಕುತ್ತಿದ್ದರು.

ಒಂದು ವರ್ಷ, ಮೊದಲಿದ್ದ ಆಮ್ಲ ಮುಗಿದು, ಅಟೆಂಡರ್ ಓಬಳೇಶ ಹೊಸದಾಗಿ ತಯಾರಿಸಿಟ್ಟ.

"ಸಾರ್, ಈ ಸಲದ್ದು ಸ್ವಲ್ಪ ಸ್ಟ್ರಾಂಗ್ ಆಗೈತೆ" ಎಂದ.

"ಆಯ್ತಪ್ಪ, ಇಡು" ಎಂದರು ಮೇಷ್ಟ್ರು. ಕಿವಿಗೆ ಹಾಕಿಕೊಂಡಿದ್ದರೆ ತಾನೇ!

ಅಂದು ನಲವತ್ತು ಮಕ್ಕಳಲ್ಲಿ ಮೂವತ್ತೊಂಬತ್ತು ಜನ 9.4 ಎಂದೇ ಬರೆದರು. ಎಲ್ಲರಿಗೂ ಟಿಕ್ ಬಿತ್ತು. ಸುಮಂಗಲಾ ಎಂಬ ಹುಡುಗಿ ಮಾತ್ರ 12.1 ಎಂದು ಬರೆದಿದ್ದಳು. ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದರು.

"ಮೂರು ಸಲ ಮಾಡಿದೀನಿ ಸರ್. ಅಷ್ಟೇ ಬರುತ್ತೆ."

"ಇಪ್ಪತ್ತೆರಡು ವರ್ಷದಿಂದ 9.4 ಬರ್ತಿದೆ ಕಣಮ್ಮಾ. ನಿನಗೊಬ್ಬಳಿಗೆ ಬೇರೆ ಬರುತ್ತಾ?"

ಹುಡುಗಿಯ ಕಣ್ಣು ತುಂಬಿತು. "ಹಾಗಾದ್ರೆ ಬಿಡಿ ಸರ್. ನಾನೂ 9.4 ಅಂತಾನೇ ಬರೀತೀನಿ" ಎಂದು ರಬ್ಬರ್ ತೆಗೆದಳು.

ಮೇಷ್ಟ್ರಿಗೆ ಚುರುಕ್ಕೆಂದಿತು. ಕಣ್ಣಾರೆ ಕಂಡದ್ದನ್ನು ಅಳಿಸಲು ಹೊರಟಿದ್ದಾಳೆ, ಅದೂ ತಮ್ಮ ಮಾತು ಕೇಳಿ! "ತಡಿಯಮ್ಮಾ, ಅಳಿಸಬೇಡ" ಎಂದು ಎದ್ದರು. ಎಷ್ಟೋ ವರ್ಷಗಳ ಮೇಲೆ ತಾವೇ ಬ್ಯೂರೆಟ್ ಹಿಡಿದರು. ಮಕ್ಕಳೆಲ್ಲ ಸುತ್ತ ನೆರೆದರು. 9.4 ಆಯಿತು, ಬಣ್ಣ ಬರಲಿಲ್ಲ. ಹತ್ತು ದಾಟಿತು, ಹನ್ನೊಂದೂ ದಾಟಿತು. 12.1ಕ್ಕೆ ಸರಿಯಾಗಿ ಗುಲಾಬಿ ಬಣ್ಣ ಬಂತು.

ಓಬಳೇಶ ಹೆದರಿ ನಿಂತಿದ್ದ. ತಪ್ಪನ್ನು ಅವನ ತಲೆಗೆ ಕಟ್ಟುವುದು ಸುಲಭವಿತ್ತು. ಮೇಷ್ಟ್ರು ಹಾಗೆ ಮಾಡಲಿಲ್ಲ.

"ಓಬಳೇಶ ಮೊದಲೇ ಹೇಳಿದ್ದ, ನಾನು ಕೇಳಲಿಲ್ಲ. ಸುಮಂಗಲಾ ಬರೆದದ್ದು ಸರಿ. ನೀವು ಮೂವತ್ತೊಂಬತ್ತು ಜನ ನೋಡದೇ ಬರೆದಿರಿ, ನಾನು ನೋಡದೇ ಟಿಕ್ ಹಾಕಿದೆ. ನಿಮಗೆ ಈ ಚಾಳಿ ಕಲಿಸಿದ್ದೂ ನಾನೇ" ಎಂದರು. ತಾವು ಎಳೆದ ಕೆಂಪು ಗೆರೆಯ ಪಕ್ಕದಲ್ಲೇ 'ನನ್ನ ತಪ್ಪು' ಎಂದು ಬರೆದು ಸಹಿ ಹಾಕಿದರು.

ಮರುವಾರ ಮೇಜಿನ ಮೇಲೆ ಐದು ಬಾಟಲಿಗಳಿದ್ದವು. ಯಾವುದು ಎಷ್ಟು ಸ್ಟ್ರಾಂಗ್ ಎಂಬುದು ಓಬಳೇಶನೊಬ್ಬನಿಗೇ ಗೊತ್ತು.

"ಸರ್, ಎಷ್ಟು ಬರಬೇಕು?" ಎಂದು ಮಕ್ಕಳು ಕೇಳಿದರು.

"ನನಗೂ ಗೊತ್ತಿಲ್ಲ ಕಣ್ರೋ, ಮಾಡಿ ನೋಡೋಣ ಬನ್ನಿ" ಎಂದು ಮೇಷ್ಟ್ರು ಅಂಗಿಯ ತೋಳು ಮಡಚಿದರು. ಆಮೇಲೆ ರಿಟೈರ್ ಆಗುವವರೆಗೂ ಅವರು ಲ್ಯಾಬಿನಲ್ಲಿ ಕುರ್ಚಿ ಹಾಕಿಸಿಕೊಳ್ಳಲಿಲ್ಲ.

ನೀತಿ: ಉತ್ತರ ಗೊತ್ತಿದೆ ಎಂದುಕೊಂಡವನು ನೋಡುವುದನ್ನೇ ಬಿಡುತ್ತಾನೆ. ಎಷ್ಟು ವರ್ಷ ಕಲಿಸಿದರೂ, ಮಕ್ಕಳೊಂದಿಗೆ ತಾನೂ ಮಾಡಿ ನೋಡುವ ಗುರುವಿನ ಪಾಠ ಹಳತಾಗುವುದಿಲ್ಲ.