ಒಂದೇ ಸಲ ಕೇಳುವ ಕಾಡು

ಒಂದು ಕಾಡಿನಲ್ಲಿ ಯಾರೂ ಯಾವುದನ್ನೂ ಎರಡನೇ ಸಲ ಕೇಳುತ್ತಿರಲಿಲ್ಲ. ಅದು ಬಹಳ ದೂರದ, ಬಡಗಣ ದಿಕ್ಕಿನ ಕಾಡು. ಅಲ್ಲಿ ಮರಗಳು ಕೂಡ ಒಂದನ್ನೊಂದು ಮುಟ್ಟದೆ ನಿಂತಿದ್ದವು.

ಆ ಕಾಡಿನ ಮುದಿ ಗೂಬೆಯ ಬಳಿ ತೊಗಟೆ ಮದ್ದು ಕಲಿಯಲು ನಮ್ಮ ಕಡೆಯ ಬೆಚ್ಚಗಿನ ಕಾಡಿನಿಂದ ಕೆಂಚಿ ಎಂಬ ಕೆಂದಳಿಲು ಬಂದಿತು. ಹೊರಡುವಾಗ ತಾಯಿ ಹೇಳಿ ಕಳಿಸಿತ್ತು, "ಯಾರಾದ್ರೂ ತಿನ್ನೋಕೆ ಕೊಟ್ರೆ ಕೂಡಲೇ ಕೈ ಚಾಚಬೇಡ ಮಗಳೇ. ಎರಡು ಸಲ ಬೇಡ ಅನ್ನು. ಮೂರನೇ ಸಲ ತಗೋ. ಇಲ್ಲಾಂದ್ರೆ ಹೊಟ್ಟೆಬಾಕಿ ಅಂತಾರೆ." ನಮ್ಮ ಕಡೆ ಹೀಗೇ ತಾನೇ? ಬೇಡ ಬೇಡ ಎಂದು ಕೈ ಅಡ್ಡ ಹಿಡಿದವರ ಎಲೆಗೇ ಇನ್ನೊಂದು ಹೋಳಿಗೆ ಬೀಳುವುದು.

ಮೊದಲ ದಿನ ಪಕ್ಕದ ಪೊಟರೆಯ ಕರಡಿ ಕೇಳಿತು, "ಕಾಯಿ ಬೇಕಾ?"

"ಅಯ್ಯೋ, ಬೇಡ" ಎಂದು ಕೆಂಚಿ ನಾಚಿತು.

"ಸರಿ" ಎಂದು ಕರಡಿ ತಾನೇ ತಿಂದಿತು. ಕೆಂಚಿ ಬಾಯಿ ಬಿಟ್ಟುಕೊಂಡು ನೋಡಿತು.

ಹೆಗ್ಗಣದ ಮನೆಯಲ್ಲೂ ಇದೇ ಕಥೆ, ಬಾವಲಿಯ ಮನೆಯಲ್ಲೂ ಇದೇ ಕಥೆ. ದಾರಿಯಲ್ಲಿ ಎದುರಾದವರೆಲ್ಲ ಹಲ್ಲು ತೋರಿಸಿ "ಹೇಗಿದ್ದೀಯ?" ಎನ್ನುತ್ತಿದ್ದರು. ಕೆಂಚಿ ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವರ ಬೆನ್ನು ಕಾಣುತ್ತಿತ್ತು. ಚಳಿ ಬಂದಂತೆ ಆ ಬೆನ್ನುಗಳೂ ಕಡಿಮೆಯಾದವು. ಚಳಿಗಾಲದ ನಿದ್ದೆಗೆಂದು ಒಂದೊಂದೇ ಬಾಗಿಲು, ಕೊನೆಗೆ ಗೂಬೆಯದೂ, ಒಳಗಿನಿಂದ ಮುಚ್ಚಿಕೊಂಡಿತು. ನಿನ್ನೆ ನಕ್ಕಿದ್ದ ಹೆಗ್ಗಣ ಇವತ್ತು ಇಲ್ಲ. ಅದರ ಬಾಗಿಲಿಗೆ ಕಿವಿಯಿಟ್ಟರೆ ಉಸಿರಾಟವೂ ಕೇಳಿಸಲಿಲ್ಲ. ಹಾಡುಹಗಲಲ್ಲೇ ಕಾಡು ಬಿಕೋ ಎನ್ನುತ್ತಿತ್ತು. ಕೆಂಚಿಗೆ ಹಸಿವಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಒಂದು ಮಧ್ಯಾಹ್ನ ಕಾಯಿ ಹುಡುಕುತ್ತ ದೂರ ಹೋಗಿದ್ದಾಗ ಮಂಜಿನೊಳಗಿನಿಂದ ಒಂದು ದನಿ ಬಂತು. "ತಂಗೀ, ಊಟ ಆಯ್ತಾ?"

ಕೆಂಚಿ ತಟ್ಟನೆ ತಿರುಗಿತು. ಅದು ತನ್ನ ಕಾಡಿನ ಮಾತು.

ಬಂದದ್ದು ಕಾಡುಬೆಕ್ಕು. ಕತ್ತಿಗೆ ದಪ್ಪನೆಯ ಕೆಂಪು ಬಟ್ಟೆ ಸುತ್ತಿಕೊಂಡಿತ್ತು. ಬೆಕ್ಕನ್ನು ಕಂಡರೆ ಮರ ಹತ್ತಬೇಕೆಂದು ಅಳಿಲಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಊಟ ಆಯ್ತಾ ಎಂದು ಯಾರಾದರೂ ಕೇಳಿ ಮೂರು ತಿಂಗಳಾಗಿತ್ತು. ಕೆಂಚಿಗೆ ಅಳುವೇ ಬಂದುಬಿಟ್ಟಿತು.

"ಆಯ್ತಣ್ಣ" ಎಂದು ಸುಳ್ಳು ಹೇಳಿತು.

"ಮುಖ ನೋಡಿದ್ರೆ ಗೊತ್ತಾಗಲ್ವಾ? ನಮ್ಮನೆಗೆ ಬಾ."

"ಬೇಡಣ್ಣ."

"ಹಾಗಂದ್ರೆ ಹೇಗೆ? ಬಾ."

"ನಿಮಗ್ಯಾಕೆ ತೊಂದರೆ?"

"ತೊಂದರೆ ಎಂಥದ್ದು? ಒಣಗಿ ಹೋಗಿದ್ದೀಯ. ಎಂಟು ದಿನ ತಿನ್ನಿಸಿದ್ರೆ ಸರಿಹೋಗ್ತೀಯ. ಬಾ."

ಮೂರು ಸಲ ಆಯಿತು. ಕೆಂಚಿ ಅದರ ಹಿಂದೆ ಹೊರಟಿತು.

ಬೆಕ್ಕಿನ ಗುಹೆ ಸರೋವರದ ಆಚೆ ದಡದಲ್ಲಿತ್ತು. ನಡೆಯುತ್ತಿದ್ದಂತೆ ಹಿಮ ಸುರಿಯತೊಡಗಿತು.

"ನಮ್ಮ ಮಾತು ಎಲ್ಲಿ ಕಲಿತ್ರಿ ಅಣ್ಣ?"

"ನಿನ್ನ ಹಾಗೇ ಓದೋಕೆ ಬಂದಿದ್ದ ಇಬ್ಬರು ಕಲಿಸಿದ್ರು. ಪಾಪ, ಬಹಳ ಮರ್ಯಾದಸ್ಥರು."

"ಈಗ ಎಲ್ಲಿದ್ದಾರೆ?"

"ನನ್ನ ಜೊತೆಗೇ ಇದ್ದಾರೆ."

ಹಿಂದಿನಿಂದ ಗಾಳಿ ಬೀಸಿತು. ಕತ್ತಿನ ಬಟ್ಟೆ ಬಿಚ್ಚಿಕೊಂಡು ಹಾರಿತು. ಅದು ಬಟ್ಟೆಯಾಗಿರಲಿಲ್ಲ. ಎರಡು ಬಾಲಗಳು. ಕೆಂಚಿಯ ಬಾಲದಂಥವೇ. ಬೆಕ್ಕು ಹಿಂತಿರುಗಿ ನೋಡದೆ ಅವನ್ನು ಮತ್ತೆ ಸುತ್ತಿಕೊಂಡಿತು.

ಓಡೋಣವೆಂದರೆ ಕಾಲು ಮರಗಟ್ಟಿತ್ತು. ಮರ ಹತ್ತೋಣವೆಂದರೆ ತೊಗಟೆಯ ಮೇಲೆಲ್ಲ ಮಂಜುಗಡ್ಡೆ. ಕೆಂಚಿ ಸುಮ್ಮನೆ ನಡೆಯಿತು. ಮುಂದೆ ಕರಡಿಯ ಪೊಟರೆ ಕಾಣಿಸಿತು. ಇಡೀ ಕಾಡಿನಲ್ಲಿ ಇನ್ನೂ ತೆರೆದಿದ್ದದ್ದು ಅದೊಂದೇ ಬಾಗಿಲು.

"ಬಿರುಗಾಳಿ ಬರ್ತಿದೆ" ಎಂದಿತು ಕರಡಿ. "ಬಾಗಿಲು ಹಾಕಿದರೆ ಚಳಿಗಾಲ ಮುಗಿಯುವವರೆಗೆ ತೆಗೆಯುವುದಿಲ್ಲ. ಒಳಗೆ ಬರ್ತೀಯಾ?"

ಕೆಂಚಿಯ ನಾಲಗೆಯ ತುದಿಗೆ ಬೇಡ ಎಂಬ ಮಾತು ತಾನಾಗಿ ಬಂದು ನಿಂತಿತು. ಬೆಕ್ಕು ಕಿವಿಯ ಬಳಿ ಮೆಲ್ಲಗೆ ಉಸುರಿತು, "ಬೇಡ ಅನ್ನು ತಂಗಿ. ಕೂಡಲೇ ಹೂಂ ಅಂದ್ರೆ ನಿಮ್ಮಮ್ಮನ ಹೆಸರು ಕೆಡುತ್ತೆ."

"ಬರ್ತೀನಿ" ಎಂದಿತು ಕೆಂಚಿ. "ಹಸಿವೂ ಆಗಿದೆ."

"ಸರಿ, ಬಾ. ಕಾಯಿ ಅಲ್ಲಿದೆ." ಅಷ್ಟೇ. ಇಷ್ಟು ಸುಲಭವಿತ್ತೇ ಎಂದು ಕೆಂಚಿಗೆ ತನ್ನ ಮೇಲೇ ಸಿಟ್ಟು ಬಂತು.

ಕರಡಿ ಬೆಕ್ಕಿನ ಕಡೆ ತಿರುಗಿತು. "ನೀನು?"

ಬೆಕ್ಕು ಲೆಕ್ಕ ಹಾಕಿತು. ಒಳಗೆ ಬೆಚ್ಚಗಿದೆ. ಕರಡಿ ಮಲಗಿದರೆ ಏಳುವುದಿಲ್ಲ. ಆದರೆ ತಾನಾಗಿ ನುಗ್ಗಿದರೆ ಅಳಿಲಿಗೆ ಅನುಮಾನ ಬರುತ್ತದೆ. ಅಳಿಲೇ ಕರೆಯಲಿ. ಬಾಗಿಲಿಗೆ ಬಂದವರನ್ನು ಒತ್ತಾಯ ಮಾಡದೆ ಬಿಡುವ ಜಾತಿಯೇ ಅಲ್ಲ ಇವರದು. ಹಾಗೆಂದುಕೊಂಡು ಅದು ಕೆಂಚಿಯನ್ನು ನೋಡಿ, ಕೆಂಚಿಯ ಮಾತಿನಲ್ಲೇ ಹೇಳಿತು, "ಅಯ್ಯೋ ಬೇಡಮ್ಮ, ನಿಮಗ್ಯಾಕೆ ತೊಂದರೆ?"

ಕರಡಿಗೆ ಆ ಮಾತು ಬರುತ್ತಿರಲಿಲ್ಲ. "ಏನಂತೆ?" ಎಂದು ಕೇಳಿತು.

ಕೆಂಚಿಯ ಮನೆಯಲ್ಲಿ ಹಗೆಯನ್ನೂ ಮೂರು ಸಲ ಕರೆಯುತ್ತಿದ್ದರು.

"ಬೇಡವಂತೆ" ಎಂದಿತು.

"ಸರಿ" ಎಂದು ಕರಡಿ ಬಾಗಿಲು ಹಾಕಿತು. ಮಗ್ಗುಲಾಗಿ ನಿದ್ದೆ ಹೋಯಿತು.

ಹೊರಗೆ ಗಾಳಿ ಊಳಿಟ್ಟಿತು. ಬಾಗಿಲನ್ನು ಯಾರೋ ತಟ್ಟಿದರು. ಮೊದಲು ಕರಡಿಯ ಮಾತಿನಲ್ಲಿ ಕೂಗು ಬಂತು. ಕರಡಿ ಏಳಲಿಲ್ಲ. ಆಮೇಲೆ ಕೆಂಚಿಯ ಮಾತಿನಲ್ಲಿ, ತೀರಾ ಹತ್ತಿರದಿಂದ, "ತಂಗೀ, ಇನ್ನೊಂದೇ ಒಂದು ಸಲ ಕೇಳು ತಂಗೀ."

ಕೆಂಚಿ ಕಿವಿ ಮುಚ್ಚಿಕೊಂಡು ಅತ್ತಿತು. ಆ ಕಾಡಿನಲ್ಲಿ ತನ್ನ ಊರಿನ ಮಾತನ್ನಾಡುವ ದನಿ ಅದೊಂದೇ ಆಗಿತ್ತು. ಸ್ವಲ್ಪ ಹೊತ್ತಿಗೆ ತಟ್ಟುವುದು ನಿಂತಿತು. ಉಗುರು ಕೆರೆಯುವುದು ಮಾತ್ರ ಇನ್ನೂ ಸ್ವಲ್ಪ ಹೊತ್ತು ಕೇಳಿಸಿ, ಅದೂ ನಿಂತಿತು.

ಕೆಂಚಿ ಕಣ್ಣೊರೆಸಿಕೊಂಡಿತು. ಯಾರೂ ಒತ್ತಾಯ ಮಾಡದಿದ್ದರೂ ಕೈ ಚಾಚಿ ಒಂದು ಕಾಯಿ ತೆಗೆದುಕೊಂಡಿತು.

ನೀತಿ: ಪರಸ್ಥಳದಲ್ಲಿ ಬೇಕಾದ್ದನ್ನು ಬಾಯಿಬಿಟ್ಟು ಬೇಕು ಎನ್ನಬೇಕು, ನಮ್ಮ ಮಾತು ಆಡಿದ ಮಾತ್ರಕ್ಕೆ ಯಾರೂ ನಮ್ಮವರಾಗುವುದಿಲ್ಲ.