ಜೇಡಕ್ಕನ ಹನ್ನೆರಡು ನೂಲು

ಮಕ್ಕಳೇ, ಕಾಡಿನಲ್ಲೂ ಕಚೇರಿಗಳಿರುತ್ತವೆ, ನಗಬೇಡಿ. ಹುಲಿಗುಡ್ಡದ ಕಾಡಿನಲ್ಲಿ ಅಂಥ ಹನ್ನೆರಡು ಕಚೇರಿ, ಒಂದೊಂದರಲ್ಲೂ ಒಂದು ಕಂಪ್ಯೂಟರ್. ಎಲ್ಲವನ್ನೂ ನೋಡಿಕೊಳ್ಳುವವಳು ಆಲದ ಮರದ ತುದಿಯ ಜೇಡಕ್ಕ. ಪ್ರತಿ ಕಂಪ್ಯೂಟರಿಗೂ ಒಂದೊಂದು ನೂಲು ಕಟ್ಟಿದ್ದಳು. ನೂಲು ಮಿಡಿದರೆ ಸಾಕು, ಕೂತಲ್ಲಿಂದಲೇ ರಿಪೇರಿ. ಬಲು ಚುರುಕು, ಒಪ್ಪಲೇಬೇಕು. ಇನ್ನೊಬ್ಬರ ಮಾತು ಕೇಳುವುದು ಮಾತ್ರ ಆಗದು. ಯಾರಾದರೂ ಮುಟ್ಟಿ ಕೆಡಿಸಿಯಾರೆಂದು ಹನ್ನೆರಡೂ ಪಾಸ್‌ವರ್ಡ್ ತನ್ನ ಬಳಿಯೇ ಇಟ್ಟುಕೊಂಡಿದ್ದಳು.

ಕೆರೆ ಕಚೇರಿಯಲ್ಲಿ ಆಮೆಯಣ್ಣನಿದ್ದ. ಅವನ ಕಂಪ್ಯೂಟರ್ ದಿನಾ ಬೆಳಿಗ್ಗೆ ಕೆರೆಯ ತೂಬು ತೆರೆಯುತ್ತಿತ್ತು. ಆ ನೀರು ಕೆಳಗಿನ ಬಿರುಕು ಬಿಟ್ಟ ಹೊಂಡಕ್ಕೆ ಹೋಗಬೇಕು. ಒಂದು ದಿನ ತಪ್ಪಿದರೂ ಹೊಂಡ ಒಣಗುತ್ತದೆ. ಅದರಲ್ಲಿ ಕಪ್ಪೆಮ್ಮನ ಮರಿಗಳಿದ್ದವು, ಇನ್ನೂ ಕಾಲು ಮೂಡದ ಬಾಲದ ಮರಿಗಳು.

ಒಂದು ಬೇಸಿಗೆಯ ಮುಂಜಾನೆ ಜೇಡಕ್ಕ, ಹೊಸ ಪ್ರೋಗ್ರಾಂ ಹಾಕಿ ಎಲ್ಲ ಕಂಪ್ಯೂಟರುಗಳನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡುವುದಾಗಿ ಸುದ್ದಿ ಕಳಿಸಿದಳು.

"ಅಕ್ಕಾ, ನಮ್ಮದು ಹಳೇದು," ಎಂದು ಆಮೆಯಣ್ಣ ನೂಲಿನಲ್ಲೇ ಹೇಳಿಕಳಿಸಿದ. "ಆಫ್ ಆದರೆ ಇಲ್ಲೇ ಪಾಸ್‌ವರ್ಡ್ ಒತ್ತೋವರೆಗೂ ಏಳಲ್ಲ. ನಿನ್ನ ನೂಲಿಗೂ ಸಿಗಲ್ಲ. ನಮ್ಮದೊಂದು ಬಿಡು."

"ಹನ್ನೊಂದು ಕಚೇರಿಗಿಲ್ಲದ ರಗಳೆ ನಿನಗೊಬ್ಬನಿಗೇಕೆ?" ಎಂದವಳೇ ಎಲ್ಲ ನೂಲನ್ನೂ ಒಟ್ಟಿಗೆ ಎಳೆದಳು.

ಹನ್ನೊಂದು ಎದ್ದವು. ಕೆರೆಯದು ಏಳಲಿಲ್ಲ, ಆ ದಿನದ ತೂಬೂ ತೆರೆಯಲಿಲ್ಲ. ಜೇಡಕ್ಕ ಮಿಡಿದಳು, ಜಗ್ಗಿದಳು, ಎಂಟು ಕಾಲಲ್ಲೂ ಒದ್ದಾಡಿದಳು. ಅತ್ತಲಿಂದ ಸದ್ದೇ ಇಲ್ಲ. ಅಲ್ಲಿ ಆಮೆಯಣ್ಣ, ಪಾಸ್‌ವರ್ಡ್ ಕೇಳುವ ಪರದೆಯ ಮುಂದೆ ಕೈಕಟ್ಟಿ ಕೂತಿದ್ದ.

ಮಧ್ಯಾಹ್ನ ಕಾಗೆ ಹಾರಿ ಬಂದು, ಮರಿಗಳಿಗೆ ಅಂಗೈಯಗಲ ನೀರು ಉಳಿದಿದೆ ಎಂದಿತು. ಇನ್ನು ನೂಲನ್ನು ನಂಬಿ ಕೂರುವಂತಿಲ್ಲ ಎಂದು ಜೇಡಕ್ಕನಿಗೆ ಗೊತ್ತಾಯಿತು. ಕಾಗೆಗೆ ಪಾಸ್‌ವರ್ಡ್ ಹೇಳಿದರೆ ಇಡೀ ಕಾಡಿಗೆ ಹೇಳಿದಂತೆ. ತಾನೇ ಹೋಗಬೇಕು. ಹಸಿದ ಕಾಗೆಯ ಬೆನ್ನೇರುವುದು ಜೇಡಕ್ಕೆ ಸಣ್ಣ ಮಾತಲ್ಲ. ಆದರೂ ಕಣ್ಣು ಮುಚ್ಚಿಕೊಂಡು ಏರಿದಳು.

ಕೆರೆ ಕಚೇರಿಯಲ್ಲಿ ಇಳಿದು ಪಾಸ್‌ವರ್ಡ್ ಒತ್ತಿದ್ದೇ ತಡ, ತೂಬು ತೆರೆಯಿತು. ಕೆಸರಿಗೆ ಅಂಟಿಕೊಂಡಿದ್ದ ಮರಿಗಳು ಒಂದೊಂದಾಗಿ ಬಾಲ ಆಡಿಸಿದವು. ಕಪ್ಪೆಮ್ಮ ಜಗಳ ಮಾಡಲಿಲ್ಲ. "ಆಮೆಯಣ್ಣನ ಒಂದು ಮಾತು ಕೇಳಬಾರದಿತ್ತೇ, ಅಕ್ಕಾ?" ಎಂದಳು, ಅಷ್ಟೇ.

ಜೇಡಕ್ಕನಿಗೆ ನಾಚಿಕೆಯಾಯಿತು. ಆಮೆಯಣ್ಣನ ಬಳಿ ಸರಿದು ಪಾಸ್‌ವರ್ಡನ್ನು ಮೆಲ್ಲಗೆ ಹೇಳಿಕೊಟ್ಟಳು. ನೂಲುಗಳನ್ನೇನೂ ಬಿಚ್ಚಲಿಲ್ಲ, ಹನ್ನೊಂದು ಕಡೆ ಅವು ಚೆನ್ನಾಗಿಯೇ ನಡೆದಿದ್ದವಲ್ಲ.

ಮುಂದಿನ ತಿಂಗಳು ಕೆರೆಯ ನೂಲು ಮೆಲ್ಲಗೆ ಮಿಡಿಯಿತು. "ಆಮೆಯಣ್ಣಾ, ಎಳೆಯಲೇ?"

"ತಡಿ ಅಕ್ಕಾ, ಹೊಂಡ ತುಂಬ್ತಾ ಇದೆ."

ಜೇಡಕ್ಕ ಎಂಟೂ ಕಾಲು ಮಡಚಿಕೊಂಡು ಕಾದಳು.

ನೀತಿ: ದೂರದಲ್ಲಿ ಕೂತು ಎಲ್ಲವನ್ನೂ ನಡೆಸುವವರು ಹತ್ತಿರವಿದ್ದವರ ಮಾತು ಕೇಳಬೇಕು, ಒಂದು ಕೀಲಿಯನ್ನು ಅವರ ಕೈಯಲ್ಲೂ ಇಟ್ಟಿರಬೇಕು.