ಗೋಡೆಯ ಕಡೆಯ ಕಿವಿ

"ಗುರುಗಳೇ, ಜೇಬಿನಲ್ಲಿಟ್ಟುಕೊಂಡು ಹಾಡು ಕೇಳುವ ಮ್ಯೂಸಿಕ್ ಪ್ಲೇಯರಿನಿಂದ ಒಳಿತು ಹೆಚ್ಚೋ, ಕೆಡುಕು ಹೆಚ್ಚೋ?" ಎಂದು ಶಿಷ್ಯ ಕೇಳಿದ. ಕೇಳುವಾಗ ಅವನ ಕೈ ಜೇಬಿನ ಮೇಲೇ ಇತ್ತು.

ಗುರುಗಳು ಅದನ್ನು ನೋಡಿಯೂ ನೋಡದವರಂತೆ ಕತೆ ತೆಗೆದರು. "ಇದು ನಡೆದದ್ದೇ. ಬೇಕಾದರೆ ನಂಬು, ಬೇಡವಾದರೆ ಇನ್ನೂ ಒಳ್ಳೆಯದು" ಅಂದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನ ಮಗ್ಗದ ಪಕ್ಕದ ಗೋಡೆಯ ಆಚೆ ಬದಿಗೆ ಒಬ್ಬ ಮುದುಕಿಯ ಮಗ್ಗ. ಕೇರಿಯವರೆಲ್ಲ ಅವಳನ್ನು ಆಯಿ ಎನ್ನುತ್ತಿದ್ದರು. ಗಂಡ ತೀರಿದ ಮೇಲೆ ಒಬ್ಬಳೇ ಇದ್ದಳು. ಆ ಕೇರಿಯಲ್ಲಿ ಒಂದು ರೂಢಿ. ಪಕ್ಕದ ಮನೆಯ ಮಗ್ಗ ಬಹಳ ಹೊತ್ತು ಸುಮ್ಮನಾದರೆ ಗೋಡೆ ಬಡಿಯಬೇಕು. ಆಚೆಯವರು ತಿರುಗಿ ಬಡಿದರೆ ಕ್ಷೇಮ. ಬಡಿಯದಿದ್ದರೆ ಎದ್ದು ಹೋಗಿ ನೋಡಬೇಕು.

ಬೆಳಗಿನಿಂದ ಸಂಜೆಯವರೆಗೆ ಅದೇ ಲಟಕ್ ಪಟಕ್ ಕೇಳಿ ನೇಕಾರನಿಗೆ ಬೇಸರ ಹತ್ತಿತು. ಸಂತೆಯಿಂದ ಒಂದು ಪ್ಲೇಯರ್ ತಂದ. ಎರಡೂ ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಲಾಳಿ ಎಸೆದ. ಬೆನ್ನುನೋವು ಎತ್ತ ಹೋಯಿತೋ! ಸೀರೆಗಳು ಮೊದಲಿಗಿಂತ ಬೇಗ ಮಗ್ಗದಿಂದ ಇಳಿದವು. ಊಟಕ್ಕೆ ಕರೆದು ಕರೆದು ಸೋತ ಹೆಂಡತಿ ಮಾತ್ರ ನೂಲಿನುಂಡೆ ಎಸೆದು ಕರೆಯುವುದನ್ನು ಕಲಿತಳು. ಗುರಿ ತಪ್ಪುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪ್ಲೇಯರಿನ ಚಾರ್ಜು ಮುಗಿಯಿತು. ನೇಕಾರ ಇಯರ್‌ಫೋನ್ ಕಿತ್ತ. ಗೋಡೆಯಾಚೆ ಸದ್ದಿಲ್ಲ. ಆಯಿಯ ಮಗ್ಗದ ಸದ್ದು ಕಡೆಯ ಸಲ ಕೇಳಿದ್ದು ಯಾವಾಗ ಎಂದು ನೆನೆದ. ನೆನಪಾಗಲಿಲ್ಲ. ಗೋಡೆ ಬಡಿದ. ಮತ್ತೆ ಬಡಿದ. ಉತ್ತರವಿಲ್ಲ. ಎದ್ದು ಆಯಿಯ ಮನೆಗೆ ಓಡಿದ.

ಆಯಿ ಗೋಡೆಗೆ ತಲೆಯಾನಿಸಿ, ಕಣ್ಣು ಮುಚ್ಚಿ ಕೂತಿದ್ದಳು.

"ಆಯೀ!"

ಮುದುಕಿ ಒಂದು ಕಣ್ಣು ತೆರೆದಳು. "ಹಾಡು ಯಾಕ ನಿಲ್ಲಿಸಿದ್ಯೋ ತಮ್ಮಾ?"

"ಯಾವ ಹಾಡು?"

"ಅಯ್ಯ, ದಿನಾ ಮಾಳಿಗಿ ಹಾರೂ ಹಂಗ ಒದರ್ತೀಯಲ್ಲ, ಅದು. ನಮ್ಮ ಮನಿಯವರೂ ಮಗ್ಗದಾಗ ಕುಂತು ಹಿಂಗ ಹಾಡ್ತಿದ್ರು. ಹಿಂಗ ಎಮ್ಮಿಕರದ ದನಿ. ನನ್ನ ಮಗ್ಗ ನಡದ್ರ ನಿನ್ನ ಹಾಡು ಕೇಳಸೂದಿಲ್ಲ. ಅದಕ್ಕ ನಿಲ್ಲಿಸಿ ಕೂಡ್ತೀನಿ."

ತಾನು ಹಾಡುತ್ತಿದ್ದೆನೆಂಬುದೇ ನೇಕಾರನಿಗೆ ಗೊತ್ತಿರಲಿಲ್ಲ. "ಗೋಡಿ ಬಡದೆ, ನೀ ಯಾಕ ತಿರುಗಿ ಬಡೀಲಿಲ್ಲ?" ಎಂದ.

"ಬಡದ್ರ ಮಾತಿಗೆ ಬರ್ತಿ. ಸುಮ್ಮನಿದ್ರ ಮತ್ತ ಹಾಡ್ತಿ ಅಂದ್ಕೊಂಡೆ."

ಆಗ ಅವನ ಕಣ್ಣು ಅವಳ ಕಾಲಿನ ಮೇಲೆ ಬಿತ್ತು. ಪಾದ ಊದಿತ್ತು. ಹಳೆಯ ಬಟ್ಟೆ ಸುತ್ತಿದ್ದಳು.

"ಮೊನ್ನೆ ಜಾರಿ ಬಿದ್ದೆ" ಎಂದಳು ಆಯಿ. "ಗೋಡಿ ಬಡದೆ, ಬಡದೆ. ನೀ ಹಾಡ್ಕೋತ ಇದ್ದಿ. ನೋವು ಸಣ್ಣದಾಗೂತನಕ ಅದನ್ನ ಕೇಳ್ಕೋತ ಬಿದ್ದಿದ್ದೆ. ಛಲೋ ಆತು ಬಿಡು."

ನೇಕಾರ ಎಣ್ಣೆ ಬಿಸಿ ಮಾಡಿ ತಂದು ಅವಳ ಕಾಲಿಗೆ ಹಚ್ಚಿದ.

ಮರುದಿನದಿಂದ ಅವನು ಗೋಡೆಯ ಕಡೆಯ ಕಿವಿಯನ್ನು ಬರಿದಾಗಿಟ್ಟು ನೇಯತೊಡಗಿದ. ಇದರಿಂದ ಒಂದು ತೊಂದರೆಯಾಯಿತು. ತನ್ನ ದನಿ ಎಂಥದ್ದೆಂದು ತನಗೇ ಕೇಳಿಸಿತು. ನಾಚಿಕೆಯಿಂದ ಬಾಯಿ ಕಟ್ಟಿತು. ಅಷ್ಟರಲ್ಲಿ ಆಯಿಯ ಕಾಲು ನೆಟ್ಟಗಾಗಿ ಅವಳ ಮಗ್ಗವೂ ನಡೆಯಿತು. ಮಧ್ಯಾಹ್ನವಾದರೆ ಅದು ನಿಲ್ಲುತ್ತಿತ್ತು. ನೇಕಾರ ಮೊದಲು ಗೋಡೆ ಬಡಿಯುತ್ತಿದ್ದ. ಆಚೆಯಿಂದ ಉತ್ತರ ಬಂದ ಮೇಲೆ, ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಹಿಗ್ಗಿದ. "ಅಂದರೆ, ಒಂದು ಕಿವಿಗೆ ಹಾಕಿಕೊಂಡರೆ ತಪ್ಪಿಲ್ಲ, ಅಲ್ಲವೇ?"

"ತಪ್ಪಿಲ್ಲ. ನಿನ್ನ ಕೋಣೆಯ ಗೋಡೆಯಾಚೆ ಯಾರಿದ್ದಾರೆ, ಹೇಳು."

ಶಿಷ್ಯ ಬಾಯಿ ತೆರೆದ. ಹೆಸರು ಬರಲಿಲ್ಲ.